ಆಂಗ್ಲ ಸ್ತ್ರೀನಾಮಗಳಲ್ಲಿ ಯೋಗವೂ ರೂಢಿಯೂ

ಹೆಣ್ಣುಮಗುವಿಗೆ ಇಡುವ ಹೆಸರು ಸುಖೋಚ್ಚಾರಣೆಗೆ ಒದಗುವಂಥದ್ದೂ, ಕ್ರೂರಾರ್ಥವಿಲ್ಲದ್ದೂ, ಅರ್ಥ ಸ್ಪಷ್ಟವಾಗಿರುವಂಥದ್ದೂ, ಮಂಗಳಸೂಚಕವೂ, ದೀರ್ಘಸ್ವರದಲ್ಲಿ ಮುಗಿಯುವಂಥದ್ದೂ ಆಗಿರಬೇಕೆಂದು ಮನುಸ್ಮೃತಿಯು ವಿಧಿಸುತ್ತದೆ. ಸುಶೀಲೆ, ಕಮಲೆ, ಶಾಂತೆ ಎಂದು ಕರೆಯುವವರಿಗೂ ಕರೆಸಿಕೊಳ್ಳುವವರಿಗೂ ಆ ಶಬ್ದಗಳ ಅರ್ಥ ತಾನಾಗಿಯೇ ಹೊಳೆಯುವ ನಮ್ಮ ನಾಡಿನ ಓದುಗನು ಇಂಗ್ಲೆಂಡಿನ ನಾಮಕೋಶವೊಂದನ್ನು ತೆರೆದು, ಮಾರ್ಗರೆಟ್ ಎಂದರೆ ಮುತ್ತು, ಮಟಿಲ್ಡಾ ಎಂದರೆ ಸಮರಶಕ್ತಿ, ಸಿಸಿಲಿಯಾ ಎಂಬುದರ ಮೂಲ ಕುರುಡು ಎಂಬರ್ಥದ ಲ್ಯಾಟಿನ್ ಶಬ್ದ ಎಂದು ಓದಿದಾಗ, ಆ ದೇಶದ ತಾಯ್ತಂದೆಯರೂ ಈ ಅರ್ಥಗಳನ್ನೇ ಮನಸ್ಸಿನಲ್ಲಿಟ್ಟುಕೊಂಡು ನಾಮಕರಣ ಮಾಡಿದರೆಂದು ಭಾವಿಸುವುದು ಅಸಹಜವಲ್ಲ. ಆದರೆ ಮಗಳನ್ನು ಕುರುಡಿಯೆಂದು ಕರೆಯಲು ಯಾವ ತಾಯಿ ತಾನೇ ಒಪ್ಪಿಯಾಳು? 1605ರಲ್ಲಿ ಪ್ರಕಟವಾದ ವಿಲಿಯಂ ಕ್ಯಾಮ್ಡನ್ನನ ಗ್ರಂಥದಿಂದ 1863ರ ಶಾರ್ಲಟ್ ಯಂಗ್ ಅವರ ಬೃಹತ್ಕೃತಿಯವರೆಗೆ ಈ ಹೆಸರುಗಳ ಅರ್ಥವನ್ನು ಶೋಧಿಸಿದವರ ಶ್ರಮ ಸ್ತುತ್ಯವೇ ಆದರೂ, ಅವರು ಕಂಡುಕೊಟ್ಟದ್ದು ಬಹುಮಟ್ಟಿಗೆ ಯೋಗಾರ್ಥ, ಎಂದರೆ ಶಬ್ದದ ಅವಯವಗಳಿಂದ ಹುಟ್ಟುವ ಅರ್ಥ. ಹೆಸರುಗಳನ್ನು ಬಾಳಿಸಿದುದೂ ಅಳಿಸಿದುದೂ ರೂಢಿ, ಎಂದರೆ ಲೋಕದ ಬಳಕೆ. ಯೋಗಕ್ಕಿಂತ ರೂಢಿಯು ಬಲವತ್ತರವೆಂಬ ನಮ್ಮ ಶಾಸ್ತ್ರಕಾರರ ಸಿದ್ಧಾಂತಕ್ಕೆ ಆಂಗ್ಲ ಸ್ತ್ರೀನಾಮಗಳ ಚರಿತ್ರೆಯಷ್ಟು ವಿಪುಲವಾದ ನಿದರ್ಶನ ದೊರೆಯುವುದು ವಿರಳ.

ನಾರ್ಮನ್ನರು ಬರುವುದಕ್ಕೆ ಪೂರ್ವದಲ್ಲಿ ಅಲ್ಲಿನ ಕುಲೀನರ ಹೆಸರುಗಳು ಪ್ರಾಯಶಃ ಎರಡು ಪದಗಳ ಸಮಾಸಗಳು. ಈಡಿತ್ ಎಂಬ ಹೆಸರಿನ ಪ್ರಾಚೀನ ರೂಪದಲ್ಲಿ ಪೂರ್ವಪದಕ್ಕೆ ಸಂಪತ್ತೆಂದೂ ಉತ್ತರಪದಕ್ಕೆ ಯುದ್ಧವೆಂದೂ ಅರ್ಥ. ಇವೆರಡನ್ನೂ ಕೂಡಿಸಿ ವಿಗ್ರಹವಾಕ್ಯ ಹೇಳಹೊರಟವನು ತೊಡಕಿಗೆ ಸಿಕ್ಕುವನಲ್ಲದೆ ಬೇರೇನೂ ಫಲ ಕಾಣನು; ಏಕೆಂದರೆ ಸಮಾಸದ ಸಮಗ್ರಾರ್ಥ ಆ ಜನಕ್ಕೆ ಬೇಕಾಗಿಯೇ ಇರಲಿಲ್ಲ. ತಾಯಿಯ ಹೆಸರಿನಿಂದ ಒಂದು ಪದ, ತಂದೆಯ ಹೆಸರಿನಿಂದ ಒಂದು ಪದ ತೆಗೆದು ಕೂಡಿಸುವ ಪದ್ಧತಿಯೂ ಅವರಲ್ಲಿತ್ತು. ವುಲ್ಫ್‌ಗಿವು ಎಂಬ ತಾಯಿಗೂ ಎಥೆಲ್‌ಸ್ಟನ್ ಎಂಬ ತಂದೆಗೂ ಹುಟ್ಟಿದ ಮಗ ವುಲ್ಫ್‌ಸ್ಟನ್ ಎನಿಸಿಕೊಂಡು ಮುಂದೆ ವುರ್ಸ್ಟರಿನ ಬಿಷಪ್ಪನಾದುದು ಪ್ರಸಿದ್ಧ. ಇಲ್ಲಿ ಹೆಸರು ಹೇಳುವುದು ಗುಣವನ್ನಲ್ಲ, ವಂಶವನ್ನು.

ವಂಶವನ್ನು ಹೇಳುವ ಹೆಸರು ರಾಜಕಾರಣಕ್ಕೆ ಈಡಾಗುವುದು ತಡವಾಗಲಿಲ್ಲ. 1002ರಲ್ಲಿ ನಾರ್ಮಂಡಿಯ ಎಮ್ಮಾ ಇಂಗ್ಲೆಂಡಿನ ಅರಸ ಎಥೆಲ್‌ರೆಡ್‌ನನ್ನು ವರಿಸಿ ಬಂದಾಗ ಆಕೆಗೆ ಎಲ್ಫ್‌ಗಿವು ಎಂಬ ಆಂಗ್ಲ ನಾಮವನ್ನಿತ್ತರು. ಒಂದು ಶತಮಾನ ತುಂಬುವ ಹೊತ್ತಿಗೆ, 1066ರ ನಾರ್ಮನ್ ವಿಜಯವು ನಡುವೆ ಬಂದುದರಿಂದ, ಗಾಳಿ ತಿರುಗಿತ್ತು: 1100ರಲ್ಲಿ ಮೊದಲನೆಯ ಹೆನ್ರಿಯ ಕೈಹಿಡಿದ, ಪ್ರಾಚೀನ ಆಂಗ್ಲ ರಾಜವಂಶದ ರಕ್ತವಿದ್ದ ಸ್ಕಾಟ್ಲೆಂಡಿನ ರಾಜಕುಮಾರಿ ಈಡಿತ್, ಸಿಂಹಾಸನವೇರುವಾಗ ಮಟಿಲ್ಡಾ ಆಗಬೇಕಾಯಿತು. ಅಷ್ಟಾದರೂ ನಾರ್ಮನ್ ಸರದಾರರು ಸುಮ್ಮನಿರದೆ ರಾಜದಂಪತಿಗಳನ್ನು ಗೋಡ್‌ರಿಕ್, ಗೋಡ್‌ಗಿವು ಎಂಬ ಅಪ್ಪಟ ಸ್ಯಾಕ್ಸನ್ ಹೆಸರುಗಳಿಂದ ಕರೆದು ಹಾಸ್ಯಮಾಡುತ್ತಿದ್ದರೆಂದು ಮಾಮ್ಸ್‌ಬರಿಯ ವಿಲಿಯಂ ಎಂಬ ಚರಿತ್ರಕಾರನು ಬರೆದಿಟ್ಟಿದ್ದಾನೆ. ಗೋಡ್‌ಗಿವು ಎಂದರೆ ದೇವರ ವರ. ಇಂಥ ಮಂಗಳಾರ್ಥವುಳ್ಳ ಶಬ್ದವು ಸೋತವರ ನುಡಿಯದೆಂಬ ಒಂದೇ ಕಾರಣದಿಂದ ಬೈಗುಳವಾದುದನ್ನು ಕಂಡ ಮೇಲೆ, ಕೋಶದ ಅರ್ಥಕ್ಕೆ ಲೋಕದಲ್ಲಿ ಎಷ್ಟು ಬೆಲೆಯುಂಟೆಂಬುದು ಊಹ್ಯವೇ ಸರಿ.

ಈ ವಿಷಯದಲ್ಲಿ ಆಡ್ರಿ ಎಂಬ ಹೆಸರಿನ ವೃತ್ತಾಂತವನ್ನು ಕೊಂಚ ವಿಸ್ತರಿಸಬೇಕು. ಏಳನೆಯ ಶತಮಾನದಲ್ಲಿ ಪೂರ್ವ ಆಂಗ್ಲಿಯಾದ ಅರಸ ಅನ್ನನಿಗೆ (ಈ ಅನ್ನನು ಗಂಡಸು, ಇಂದಿನ ಆನಿಗೂ ಇವನ ಹೆಸರಿಗೂ ಸಂಬಂಧವಿಲ್ಲ) ಎಥೆಲ್‌ಥ್ರಿತ್ ಎಂಬ ಮಗಳಿದ್ದಳು, ಕುಲೀನವಾದ ಬಲವೆಂದು ಅದರ ಯೋಗಾರ್ಥ. ಎರಡು ಬಾರಿ ವಿವಾಹಿತಳಾಗಿಯೂ ವ್ರತಸ್ಥೆಯಾಗಿಯೇ ಉಳಿದು, ನಾರ್ತಂಬ್ರಿಯದ ರಾಣಿಪದವಿಯನ್ನು ತೊರೆದು, 673ರ ಸುಮಾರಿಗೆ ಈಲಿ ಎಂಬಲ್ಲಿ ಮಠವನ್ನು ಸ್ಥಾಪಿಸಿದ ಆ ಸಾಧ್ವಿ 679ರಲ್ಲಿ ಕೊರಳಿನ ಬಾವಿನಿಂದ ಮೃತಳಾದಳು. ಬಾಲ್ಯದಲ್ಲಿ ಕಂಠಾಭರಣಗಳ ವ್ಯರ್ಥಭಾರವನ್ನು ಹೊತ್ತುದರ ಪಾಪಕ್ಕೆ ಈ ಬಾವೇ ಪ್ರಾಯಶ್ಚಿತ್ತವೆಂದು ಆಕೆ ಸಂತೋಷದಿಂದ ಸಹಿಸಿದಳಂತೆ. ಬೀಡ್ ಮಹಾಶಯನ ಇತಿಹಾಸದಲ್ಲಿ ಇದು ದಾಖಲಾಗಿದೆ. ಜನರ ನಾಲಗೆಯಲ್ಲಿ ಸವೆದು ಸವೆದು ಆ ದೀರ್ಘನಾಮವು ಆಡ್ರಿಯಾಯಿತು. ಆಕೆಯ ಹಬ್ಬದ ದಿನ ಈಲಿಯಲ್ಲಿ ಜಾತ್ರೆ ನೆರೆಯಿತು. ಆ ಜಾತ್ರೆಯಲ್ಲಿ ಮಾರುತ್ತಿದ್ದುದು, ವಿಧಿಯ ವಿನೋದವೆನ್ನಬೇಕು, ಕೊರಳಿಗೆ ಕಟ್ಟುವ ರೇಷ್ಮೆಯ ಪಟ್ಟಿ. ಸಂತ ಆಡ್ರಿಯ ಪಟ್ಟಿ ಬರಬರುತ್ತ ಅಗ್ಗದ ಥಳುಕಿನ ಸರಕಾಗಿ, ಸಂತಳ ಹೆಸರಿನ ಬಾಲವೇ ‘ಟಾಡ್ರಿ’ ಎಂಬ ಗುಣವಾಚಕವಾಗಿ ಭಾಷೆಯಲ್ಲಿ ನೆಲೆಸಿತು. ಷೇಕ್ಸ್‌ಪಿಯರನು ತನ್ನ ‘ಆ್ಯಸ್ ಯು ಲೈಕ್ ಇಟ್’ ನಾಟಕದಲ್ಲಿ ಆಡು ಕಾಯುವ ಹಳ್ಳಿಯ ಹುಡುಗಿಯೊಬ್ಬಳಿಗೆ ಈ ಹೆಸರನ್ನಿತ್ತಾಗ, ರಾಜಕುಲದ ಬಲ ಅದರಲ್ಲಿ ಲವಲೇಶವೂ ಉಳಿದಿರಲಿಲ್ಲ.

ಕೋಶಗಳ ಅರ್ಥವೇ ಕೆಲವೆಡೆ ಭ್ರಾಂತಿಮೂಲವಾದುದೆಂಬುದನ್ನೂ ಮರೆಯಲಾಗದು. ಆಗ್ನೆಸ್ ಎಂಬುದು ಪರಿಶುದ್ಧೆಯೆಂಬರ್ಥದ ಗ್ರೀಕ್ ಶಬ್ದದಿಂದ ಬಂದುದು. ಆದರೆ ಲ್ಯಾಟಿನ್ನಿನಲ್ಲಿ ಕುರಿಮರಿಯನ್ನು ಸೂಚಿಸುವ ಶಬ್ದಕ್ಕೂ ಇದಕ್ಕೂ ಧ್ವನಿಸಾಮ್ಯವಿದ್ದುದರಿಂದ ಚಿತ್ರಕಾರರು ಆ ಹೆಸರಿನ ಸಂತಳ ಬಳಿ ಕುರಿಮರಿಯನ್ನು ಬರೆದರು, ವ್ಯುತ್ಪತ್ತಿ ಬಿದ್ದುಹೋದರೂ ಮರಿ ಉಳಿಯಿತು. ರೋಸ್ ಎಂದೊಡನೆ ಇಂದು ಎಲ್ಲರಿಗೂ ಗುಲಾಬಿಯ ನೆನಪು. ನಾರ್ಮನ್ನರು ತಂದ ಅದರ ಪೂರ್ವರೂಪದಲ್ಲಿ ಇದ್ದುದು ಹೂವಲ್ಲ, ಕೀರ್ತಿಯೆಂಬರ್ಥದ ಜರ್ಮಾನಿಕ್ ಪದವೆಂದು ತಜ್ಞರ ಮತ. ಲ್ಯಾಟಿನ್ನಿನಲ್ಲಿ ಬರೆಯುತ್ತಿದ್ದ ಪಾದ್ರಿಗಳ ದಾಖಲೆಯಲ್ಲಿ ಆಲಿಸಳು ಅಲಿಷಿಯಾ ಆಗಿಯೂ ಆನಳು ಅನ್ನಾ ಆಗಿಯೂ ಇರುತ್ತಿದ್ದರು. ಹದಿನೆಂಟನೆಯ ಶತಮಾನದಲ್ಲಿ ಈ ಬರವಣಿಗೆಯ ರೂಪಗಳೇ ನಾಜೂಕೆನಿಸಿ ನಿಜವಾದ ಹೆಸರುಗಳಾದವು. ಮನುವಿನ ದೀರ್ಘಾಂತವಿಧಿಯನ್ನು ಅರಿಯದೆಯೇ ಪಾಲಿಸಿದರೆನ್ನಬಹುದು.

ಹಾಗಾದರೆ ಸ್ಪಷ್ಟಾರ್ಥವನ್ನು ಬಯಸಿದ ಕಾಲವೇ ಅಲ್ಲಿ ಇರಲಿಲ್ಲವೆ? ಇತ್ತು. ಮತಸುಧಾರಣೆಯ ತರುವಾಯ ಪ್ಯೂರಿಟನ್ ಪಂಥದವರು ಸಂತರ ಹೆಸರುಗಳನ್ನು ವಿಗ್ರಹಾರಾಧನೆಯ ಶೇಷವೆಂದು ತ್ಯಜಿಸಿ, ಪೇಷನ್ಸ್, ಪ್ರೂಡೆನ್ಸ್, ಫೇಯ್ತ್, ಗ್ರೇಸ್ ಎಂದು, ಎಂದರೆ ತಾಳ್ಮೆ, ವಿವೇಕ, ಶ್ರದ್ಧೆ, ಕೃಪೆಗಳನ್ನೇ ಹೆಣ್ಣುಮಕ್ಕಳಿಗೆ ಹೆಸರಾಗಿ ಇಟ್ಟರು. 1620ರಲ್ಲಿ ಮೇಫ್ಲವರ್ ಹಡಗನ್ನೇರಿ ಅಮೆರಿಕಕ್ಕೆ ಹೊರಟವರಲ್ಲಿ ಹ್ಯುಮಿಲಿಟಿ ಕೂಪರ್ ಎಂಬ ಮಗುವೂ, ರಿಮೆಂಬರ್ ಅಲರ್ಟನ್ ಎಂಬ ಬಾಲಿಕೆಯೂ ಇದ್ದರು. ಆದರೆ ಗ್ರೇಸ್ ಉಳಿದಂತೆ ಹ್ಯುಮಿಲಿಟಿ ಉಳಿಯಲಿಲ್ಲ. ವಿನಯಕ್ಕಿಂತ ಕೃಪೆ ದೊಡ್ಡದೆಂದಲ್ಲ. ಒಂದು ಕಿವಿಗೆ ಹಿತ, ಇನ್ನೊಂದು ಬಾಯಿಗೆ ಭಾರ, ಅಷ್ಟೆ. ಅದೇ ಪಂಥದವರು ಹಳೆಯ ಒಡಂಬಡಿಕೆಯಿಂದ ಎತ್ತಿಕೊಂಡ ಅಬಿಗೈಲ್ ಎಂಬ ಹೆಸರಿನ ಪಾಡು ಇನ್ನೂ ವಿಚಿತ್ರ. ಹೀಬ್ರೂವಿನಲ್ಲಿ ತಂದೆಯ ಹರ್ಷವೆಂದು ಅದರ ಅರ್ಥ. ಬೈಬಲ್ಲಿನಲ್ಲಿ ಆ ಹೆಸರಿನವಳು ದಾವೀದನ ಮುಂದೆ ತನ್ನನ್ನು ದಾಸಿಯೆಂದು ಹೇಳಿಕೊಂಡದ್ದನ್ನು ಆಧರಿಸಿಯೋ ಏನೋ, ಬೋಮಂಟ್ ಮತ್ತು ಫ್ಲೆಚರ್ ತಮ್ಮ ನಾಟಕವೊಂದರಲ್ಲಿ ಒಡತಿಯ ಪರಿಚಾರಿಕೆಗೆ ಆ ಹೆಸರಿಟ್ಟರು. ಕ್ರಮೇಣ ಅದು ದಾಸಿಯರ ಜಾತಿವಾಚಕವೇ ಆಗಿ, ಕುಲೀನರ ಮನೆಗಳಿಂದ ಕಾಣೆಯಾಯಿತು. ತಂದೆಯ ಹರ್ಷವು ಮಗಳ ನೆರವಿಗೆ ಬರಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಲಿಲಿ, ವಯಲೆಟ್, ಐವಿ, ರೂಬಿ, ಪರ್ಲ್ ಎಂದು ಹೂವು ಬಳ್ಳಿ ರತ್ನಗಳು ಹೆಸರುಗಳಾಗಿ ಬಂದಾಗ ಮತ್ತೊಮ್ಮೆ ಸ್ಪಷ್ಟಾರ್ಥಕ್ಕೆ ಕಾಲ ಒದಗಿತು. ಇವುಗಳ ನಡುವಿನ ಡೇಸಿಯೊಂದು ಮಾತ್ರ ಇಬ್ಬಗೆಯದು: ಫ್ರೆಂಚರಲ್ಲಿ ಮಾರ್ಗೆರಿತ್ ಎಂಬುದು ಆ ಹೂವಿನ ಹೆಸರಾದ ಕಾರಣ, ಮಾರ್ಗರೆಟ್ ಎಂಬವಳನ್ನು ಮನೆಯಲ್ಲಿ ಮುದ್ದಿನಿಂದ ಡೇಸಿ ಎನ್ನುತ್ತಿದ್ದರು, ಮುತ್ತು ಹೂವಾಯಿತು. ಆದರೂ ಆ ಶತಮಾನದ ದೊಡ್ಡ ನಿದರ್ಶನ ಹೂವುಗಳಲ್ಲಿಲ್ಲ. ಇಟಲಿಯಲ್ಲಿ ಪ್ರವಾಸದಲ್ಲಿದ್ದ ನೈಟಿಂಗೇಲ್ ದಂಪತಿಗಳಿಗೆ 1819ರಲ್ಲಿ ನೇಪಲ್ಸ್ ನಗರದಲ್ಲಿ ಹುಟ್ಟಿದ ಹಿರಿಯ ಮಗಳಿಗೆ ಆ ಊರಿನ ಪ್ರಾಚೀನ ಗ್ರೀಕ್ ನಾಮವಾದ ಪಾರ್ಥೆನೊಪೆ ಎಂಬುದನ್ನೂ, ಮರುವರ್ಷ ಫ್ಲಾರೆನ್ಸ್ ನಗರದಲ್ಲಿ ಹುಟ್ಟಿದ ಕಿರಿಯಳಿಗೆ ಆ ಊರಿನ ಹೆಸರನ್ನೂ ಇಟ್ಟರು. ಫ್ಲಾರೆನ್ಸ್ ಎಂಬುದು ಆವರೆಗೆ ಇಂಗ್ಲೆಂಡಿನಲ್ಲಿ ವಿರಳವಾಗಿದ್ದು, ಹಿಂದೆ ಗಂಡಸರೂ ಧರಿಸುತ್ತಿದ್ದ ಹೆಸರು. 1854ರಲ್ಲಿ ಕಿರಿಯಳು ಸ್ಕುಟರಿಯ ಆಸ್ಪತ್ರೆಗೆ ಹೋಗಿ ಕ್ರಿಮಿಯ ಯುದ್ಧದ ಗಾಯಾಳುಗಳ ಶುಶ್ರೂಷೆಗೆ ನಿಂತ ಮೇಲೆ, ನಗರವನ್ನು ಕನಸಿನಲ್ಲೂ ಕಾಣದ ಕೂಲಿಕಾರರೂ ತಮ್ಮ ಹೆಣ್ಣುಮಕ್ಕಳಿಗೆ ಫ್ಲಾರೆನ್ಸ್ ಎಂದು ಹೆಸರಿಟ್ಟರು. ನಾಮಕೋಶಗಳು ಮಾತ್ರ ಅದರ ಮುಂದೆ ‘ಸಮೃದ್ಧಿಯುಳ್ಳವಳು’ ಎಂದೇ ಬರೆಯುತ್ತ ಬಂದಿವೆ. ಒಂದೇ ತಾಯ್ತಂದೆಯರು ಒಂದೇ ನಿಯಮದಿಂದ ಆರಿಸಿದ ಅಕ್ಕನ ಹೆಸರು ಆ ಮನೆತನದಾಚೆಗೆ ಹಬ್ಬಲಿಲ್ಲ.