ಘನ ಮಾಧ್ಯಮ ಹುದುಗುವಿಕೆ

ಘನ ಮಾಧ್ಯಮ ಹುದುಗುವಿಕೆ ಎಂಬುದು ತೌಡು, ಬೂಸಾ, ಹುಲ್ಲು, ಹಣ್ಣಿನ ಸಿಪ್ಪೆ ಮೊದಲಾದ ಘನಪದಾರ್ಥಗಳನ್ನು ನೀರಿನಲ್ಲಿ ಮುಳುಗಿಸದೆ, ತೇವ ಮಾತ್ರ ಮಾಡಿ, ಅವುಗಳ ಮೇಲೆ ಸೂಕ್ಷ್ಮಜೀವಿಗಳನ್ನು ಬೆಳೆಸುವ ವಿಧಾನ. ಕೃಷಿ ಹಾಗೂ ಆಹಾರ ತ್ಯಾಜ್ಯಗಳಿಂದ ಕಿಣ್ವಗಳನ್ನು ಪಡೆಯುವುದು ಇದರ ಮುಖ್ಯ ಉಪಯೋಗಗಳಲ್ಲೊಂದು. ಕೊಳೆಯುವ ಎಲೆ, ಒಣಹುಲ್ಲುಗಳ ಮೇಲೆ ಸಹಜವಾಗಿ ಬೆಳೆಯುವ ಶಿಲೀಂಧ್ರಗಳಿಗೆ ಈ ಪರಿಸರ ಚೆನ್ನಾಗಿ ಹೊಂದುತ್ತದೆ.

ವಿಧಾನ

ಶಿಲೀಂಧ್ರಕ್ಕೆ ಬಾಯಿಯಿಲ್ಲ. ಅದು ಕಿಣ್ವಗಳನ್ನು ಹೊರಗೆ ಸ್ರವಿಸಿ, ಆಹಾರವನ್ನು ಅಲ್ಲಿಯೇ ಕರಗಿಸಿ ಹೀರಿಕೊಳ್ಳುತ್ತದೆ. ಹೀಗೆ ಹೊರಬಂದ ಕಿಣ್ವವನ್ನು ಸಂಗ್ರಹಿಸುವುದೇ ಇಲ್ಲಿನ ಉದ್ದೇಶ. ಮೊದಲು ತ್ಯಾಜ್ಯವನ್ನು ತೇವಗೊಳಿಸಿ, ಹಬೆಯಲ್ಲಿ ಬೇಯಿಸಿ ಅನ್ಯಜೀವಿಗಳನ್ನು ನಾಶಮಾಡಲಾಗುತ್ತದೆ. ತಣಿದ ಬಳಿಕ ಶಿಲೀಂಧ್ರದ ಬೀಜಕಗಳನ್ನು ಬೆರೆಸಿ ತಟ್ಟೆಗಳಲ್ಲಿ ತೆಳುವಾಗಿ ಹರಡಿ, ಸುಮಾರು 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕೆಲವು ದಿನ ಇಡುತ್ತಾರೆ. ಬೆಳವಣಿಗೆ ಮುಗಿದ ಮೇಲೆ ನೀರಿನಲ್ಲಿ ನೆನೆಸಿ ಸೋಸಿದರೆ ಕಿಣ್ವವು ದ್ರವದೊಂದಿಗೆ ಬರುತ್ತದೆ.

ಆಸ್ಪರ್ಜಿಲಸ್ ಒರೈಜೆ ಪಿಷ್ಟವನ್ನು ಒಡೆಯುವ ಅಮೈಲೇಸನ್ನೂ, ಆಸ್ಪರ್ಜಿಲಸ್ ನೈಜರ್ ಹಣ್ಣಿನ ರಸವನ್ನು ತಿಳಿಗೊಳಿಸುವ ಪೆಕ್ಟಿನೇಸನ್ನೂ, ಟ್ರೈಕೊಡರ್ಮ ರೀಸೈ ನಾರನ್ನು ಕರಗಿಸುವ ಸೆಲ್ಯುಲೇಸನ್ನೂ ಕೊಡುತ್ತವೆ. ಶಿಲೀಂಧ್ರದ ಆಯ್ಕೆಯಲ್ಲಿ ಎಚ್ಚರ ಬೇಕು. ಇದೇ ಕುಲದ ಆಸ್ಪರ್ಜಿಲಸ್ ಫ್ಲೇವಸ್ ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡಬಲ್ಲದು.

ಈ ವಿಧಾನದ ದೊಡ್ಡ ತೊಡಕು ಶಾಖ. ಬೆಳೆಯುವ ಶಿಲೀಂಧ್ರ ಶಾಖವನ್ನು ಹೊರಸೂಸುತ್ತದೆ. ಒದ್ದೆ ತೌಡು ಅದನ್ನು ಸುಲಭವಾಗಿ ಹೊರಗೆ ಬಿಡುವುದಿಲ್ಲ. ಒದ್ದೆ ಹುಲ್ಲಿನ ಬಣವೆಯೊಳಗೆ ಕೈಯಿಟ್ಟವರಿಗೆ ಈ ಬಿಸಿಯ ಅನುಭವವಿರುತ್ತದೆ. ಪದರ ದಪ್ಪವಾದಷ್ಟೂ ಒಳಭಾಗ ಕಾಯ್ದು, ಶಿಲೀಂಧ್ರವೂ ಕಿಣ್ವವೂ ಹಾಳಾಗುತ್ತವೆ. ಪ್ರಯೋಗಾಲಯದಲ್ಲಿ ಯಶಸ್ವಿಯಾದದ್ದು ಕಾರ್ಖಾನೆಯಲ್ಲಿ ಸೋಲಲು ಇದೊಂದು ಮುಖ್ಯ ಕಾರಣ.

ಇತಿಹಾಸ

ಜಪಾನಿನಲ್ಲಿ ಅನ್ನದ ಮೇಲೆ ಶಿಲೀಂಧ್ರ ಬೆಳೆಸಿ ಕೋಜಿ ತಯಾರಿಸುವ ಪದ್ಧತಿ ಬಹಳ ಹಳೆಯದು. ಅದನ್ನು ಆಧರಿಸಿ ಜೋಕಿಚಿ ತಕಾಮಿನೆ ಅವರು ಗೋಧಿ ಬೂಸಾದ ಮೇಲೆ ಶಿಲೀಂಧ್ರ ಬೆಳೆಸಿ ಅಮೈಲೇಸ್ ತೆಗೆಯುವ ಕ್ರಮಕ್ಕೆ 1894ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಮುಂದೆ ದ್ರವ ಮಾಧ್ಯಮದ ದೊಡ್ಡ ತೊಟ್ಟಿಗಳು ಬಂದು ಪಾಶ್ಚಾತ್ಯ ದೇಶಗಳಲ್ಲಿ ಈ ವಿಧಾನ ಹಿಂದೆ ಸರಿಯಿತು.

ಕರ್ನಾಟಕದಲ್ಲಿ

ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ಬಿ. ಕೆ. ಲೋನ್ಸಾನೆ ಮತ್ತು ಸಂಗಡಿಗರು 1985ರಲ್ಲಿ ಇದರ ತಾಂತ್ರಿಕ ಅಂಶಗಳ ಕುರಿತು ಪ್ರಕಟಿಸಿದ ಪ್ರಬಂಧವು ಈ ಕ್ಷೇತ್ರದಲ್ಲಿ ಹೆಚ್ಚಾಗಿ ಉಲ್ಲೇಖಗೊಳ್ಳುತ್ತದೆ. ಕಿರಣ್ ಮಜುಂದಾರ್ ಅವರು 1978ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಬಯೋಕಾನ್, ಮೊದಲಿಗೆ ಪರಂಗಿಕಾಯಿಯ ಹಾಲಿನಿಂದ ಪಪೇನ್ ಕಿಣ್ವವನ್ನು ತೆಗೆಯುತ್ತಿತ್ತು. ನಂತರ ಅದು ಘನ ಮಾಧ್ಯಮ ತಂತ್ರವನ್ನು ತಾನೇ ಬೆಳೆಸಿತು. ಅದರ ಪ್ಲಾಫ್ರಾಕ್ಟರ್ ಎಂಬ ಯಂತ್ರಕ್ಕೆ 2001ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು. 2007ರಲ್ಲಿ ಬಯೋಕಾನ್ ತನ್ನ ಕಿಣ್ವ ವಿಭಾಗವನ್ನು ಡೆನ್ಮಾರ್ಕಿನ ನೊವೊಜೈಮ್ಸ್ ಕಂಪನಿಗೆ ಮಾರಿತು.

ಭತ್ತದ ಸೀಮೆಯ ತ್ಯಾಜ್ಯಗಳು

ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕು ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತದ ನಾಡಾಯಿತು. ಮುಕ್ಕುಂದವೂ ಇದೇ ತಾಲ್ಲೂಕಿನ ಗ್ರಾಮ. ಇಂತಹ ಸೀಮೆಯಲ್ಲಿ ತೌಡು, ಹೊಟ್ಟು, ಹುಲ್ಲು ಮೂರೂ ಹೇರಳವಾಗಿದ್ದರೂ ಶಿಲೀಂಧ್ರಕ್ಕೆ ಮೂರೂ ಒಂದೇ ಅಲ್ಲ. ತೌಡಿನಲ್ಲಿ ಪಿಷ್ಟ, ಪ್ರೋಟೀನು, ಖನಿಜಗಳಿರುವುದರಿಂದ ಅದು ಉತ್ತಮ ಆಹಾರ. ಆದರೆ ತೌಡಿನಲ್ಲೇ ಇರುವ ಲೈಪೇಸ್ ಕಿಣ್ವವು ಅಕ್ಕಿ ಗಿರಣಿಯಿಂದ ಹೊರಬಿದ್ದ ಕೂಡಲೇ ಅದರ ಎಣ್ಣೆಯನ್ನು ಕೆಡಿಸತೊಡಗುತ್ತದೆ. ಎಣ್ಣೆ ತೆಗೆದ ತೌಡು ಬೇಗ ಕೆಡದು, ಆದರೆ ಅದಕ್ಕೆ ದನಕರುಗಳ ಮೇವಾಗಿಯೂ ಬೇಡಿಕೆಯಿದೆ. ಎಂದರೆ ಅದು ಬಿಟ್ಟಿ ಸಿಗುವ ಕಸವಲ್ಲ.

ಕಟಾವಿನ ನಂತರ ಗದ್ದೆಯಲ್ಲಿ ಉಳಿದು ಹಲವೆಡೆ ಬೆಂಕಿಗೆ ಬೀಳುವ ಹುಲ್ಲೇ ನಿಜವಾದ ತ್ಯಾಜ್ಯ. ಅದರ ಸೆಲ್ಯುಲೋಸನ್ನು ಲಿಗ್ನಿನ್ ಸುತ್ತುವರಿದಿರುವುದರಿಂದ, ಕತ್ತರಿಸಿ ಹಬೆ ಅಥವಾ ಕ್ಷಾರದಿಂದ ಮೊದಲೇ ಸಂಸ್ಕರಿಸಿದರೆ ಶಿಲೀಂಧ್ರಕ್ಕೆ ಸುಲಭ. ಸೆಲ್ಯುಲೇಸ್ ತಯಾರಿಕೆಗೆ ಸಾಮಾನ್ಯವಾಗಿ ಹುಲ್ಲಿನೊಂದಿಗೆ ಸ್ವಲ್ಪ ಬೂಸಾ ಬೆರೆಸಲಾಗುತ್ತದೆ. ಹೊಟ್ಟು ಸಿಲಿಕಾದಿಂದ ಕೂಡಿದ್ದು ಆಹಾರವಾಗಿ ಬಡವಾದುದು. ಆದರೂ ತೌಡಿನೊಂದಿಗೆ ಬೆರೆಸಿದಾಗ ಮುದ್ದೆಗಟ್ಟುವುದನ್ನು ತಪ್ಪಿಸಿ ಗಾಳಿಯಾಡುವಂತೆ ಮಾಡುತ್ತದೆ.