ಜಗುಲಿಯ ಮರಳು ಮತ್ತು ಸ್ಕಾಟ್ಲೆಂಡಿನ ಮದ್ರಾಸ್ ಕಾಲೇಜು

ಸ್ಕಾಟ್ಲೆಂಡಿನ ಪೂರ್ವತೀರದಲ್ಲಿ, ಫೈಫ್ ಪ್ರಾಂತದ ಸೇಂಟ್ ಆಂಡ್ರೂಸ್ ಎಂಬ ಪುರಾತನ ವಿದ್ಯಾಪೀಠದ ಪಟ್ಟಣದಲ್ಲಿ, ಮದ್ರಾಸ್ ಕಾಲೇಜೆಂಬ ಹೆಸರನ್ನು ಹೊತ್ತ ಪ್ರೌಢಶಾಲೆಯೊಂದು 1833ರಿಂದಲೂ ನಡೆದುಬರುತ್ತಿದೆ. ಅದರ ಮೂಲವನ್ನು ಅರಸಿ ಹೊರಟ ಜಿಜ್ಞಾಸುವು ಮದರಾಸಿನಲ್ಲಿಯೇ ನಿಲ್ಲಲಾರನು; ಬಳ್ಳಾರಿ ಸೀಮೆಯ ಕೂಲಿಮಠಗಳೆಂಬ ಜಗುಲಿಯ ಶಾಲೆಗಳನ್ನೂ ದೇವನಹಳ್ಳಿಯಲ್ಲಿ ಬೀಡುಬಿಟ್ಟಿದ್ದ ಟಿಪ್ಪುಸುಲ್ತಾನನ ಸನ್ನಿಧಿಯನ್ನೂ ಹಾದು, ನಮ್ಮ ಸೂಲಿಬೆಲೆಯಂತಹ ಹೋಬಳಿಗಳ ಶಾಲೆಯವರೆಗೂ ಅವನು ಬರಬೇಕಾಗುತ್ತದೆ. ಈ ದಾರಿಯನ್ನು ನಡೆದುನೋಡಿದವರಿಗೆ ಒಂದಂಶವು ಸ್ಪಷ್ಟವಾಗುವುದು: ನಮ್ಮ ಜಗುಲಿಯಿಂದ ಸ್ಕಾಟ್ಲೆಂಡಿಗೆ ಹೋದದ್ದು ಕಲಿಸುವ ಕ್ರಮ, ಅಲ್ಲಿ ಅದಕ್ಕೆ ದೊರೆತ ಆಶ್ರಯವಾದರೋ ಇಲ್ಲಿ ಅದರ ತವರಿಗೆ ದೊರೆಯಲಿಲ್ಲ.

ಆಂಡ್ರೂ ಬೆಲ್ ಎಂಬಾತನು 1753ರಲ್ಲಿ ಆ ಪಟ್ಟಣದ ಕ್ಷೌರಿಕನೊಬ್ಬನ ಮಗನಾಗಿ ಹುಟ್ಟಿ, ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿಯೇ ಓದಿ, ಅಮೆರಿಕದ ವರ್ಜೀನಿಯಾದಲ್ಲಿ ಕೆಲಕಾಲ ಮನೆಪಾಠ ಹೇಳಿ, 1787ರಲ್ಲಿ ಮದರಾಸಿಗೆ ಬಂದನು. ಎರಡು ವರ್ಷಗಳ ತರುವಾಯ ಎಗ್ಮೋರಿನ ಸೈನಿಕ ಅನಾಥಾಲಯದ ಮೇಲ್ವಿಚಾರಣೆ ಅವನ ಪಾಲಿಗೆ ಬಂದಿತು. ಅಲ್ಲಿದ್ದ ಉಪಾಧ್ಯಾಯರು ಕಲಿಸುವುದಕ್ಕಿಂತ ಸಂಬಳವೆಣಿಸುವುದರಲ್ಲಿ ಹೆಚ್ಚು ನಿಪುಣರಾಗಿದ್ದಂತೆ ತೋರುತ್ತದೆ. ಒಂದು ಬೆಳಗ್ಗೆ ಕುದುರೆಯೇರಿ ಹೋಗುತ್ತಿದ್ದಾಗ ನಾಡಶಾಲೆಯೊಂದರ ಮಕ್ಕಳು ನೆಲದ ಮರಳಿನಲ್ಲಿ ಬೆರಳಾಡಿಸಿ ಅಕ್ಷರ ತಿದ್ದುತ್ತಿದ್ದುದನ್ನು ಕಂಡು, ಅದೇ ಕ್ರಮವನ್ನು ತನ್ನಲ್ಲಿಯೂ ನಡೆಸಬೇಕೆಂದು ಅವನು ಆಜ್ಞಾಪಿಸಿದನು. ಕೆಳತರಗತಿಯ ಉಪಾಧ್ಯಾಯನು ಇದು ಆಗದ ಕೆಲಸವೆಂದುಬಿಟ್ಟನು. ಆಗ ಬೆಲ್ಲನು ಸಿಪಾಯಿಯೊಬ್ಬನ ಮಗನಾದ ಫ್ರಿಸ್ಕೆನ್ ಎಂಬ ಎಂಟು ವರ್ಷದ ಹುಡುಗನನ್ನು ಕರೆದು ಆ ತರಗತಿಯನ್ನೇ ಅವನಿಗೆ ಒಪ್ಪಿಸಲು, ದೊಡ್ಡವರ ಕೈಯಲ್ಲಿ ಆಗದುದು ಬಾಲಕನ ಕೈಯಲ್ಲಿ ಆಯಿತು. 1797ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಬೆಲ್ಲನ ವರದಿಯಿಂದ, ಬಾಲಕರೇ ಬಾಲಕರಿಗೆ ಕಲಿಸುವ ಈ ಮದ್ರಾಸ್ ಪದ್ಧತಿ ಇಂಗ್ಲೆಂಡಿನಲ್ಲೆಲ್ಲ ಹಬ್ಬಿತು. ಅಲ್ಲಿ ಇಂತಹುದೇ ಕ್ರಮವನ್ನು ನಡೆಸಿದ ಜೋಸೆಫ್ ಲ್ಯಾಂಕಾಸ್ಟರನಿಗೂ ಬೆಲ್ಲನಿಗೂ ಮೊದಲಿಗರಾರೆಂಬ ವಿಷಯದಲ್ಲಿ ನಡೆದ ದೀರ್ಘ ಕಲಹವು ಇಲ್ಲಿ ಅಪ್ರಸ್ತುತ. ಆ ಇಬ್ಬರಿಗೂ ಮುಂಚೆ ಜಗುಲಿಯಲ್ಲಿ ಪಾಠ ಹೇಳುವ ಅಯ್ಯನವರಿದ್ದರು.

ಇದೇ ಅನಾಥಾಲಯದ ವಿದ್ಯಾರ್ಥಿಯೊಬ್ಬನು ನಮ್ಮ ಸೀಮೆಗೂ ಬಂದದ್ದುಂಟು. 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಒತ್ತೆಯಾಗಿ ಮದರಾಸಿಗೆ ಹೋಗಿದ್ದ ಟಿಪ್ಪುವಿನ ಇಬ್ಬರು ಕುಮಾರರನ್ನು 1794ರಲ್ಲಿ ಕ್ಯಾಪ್ಟನ್ ಡವ್‌ಟನ್ನನು ದೇವನಹಳ್ಳಿಗೆ ಕರೆತಂದು ತಂದೆಗೊಪ್ಪಿಸಿದನಷ್ಟೆ. ಆ ನಿಯೋಗದೊಡನೆ ವಿಲಿಯಂ ಸ್ಮಿತ್ ಎಂಬ ಹದಿನೇಳರ ತರುಣನು ಭೌತವಿಜ್ಞಾನದ ಉಪಕರಣಗಳನ್ನು ಹೊರಿಸಿಕೊಂಡು ಬಂದು, ವಿದ್ಯುತ್ತಿನಿಂದ ಹತ್ತಿಗೆ ಕಿಡಿ ಹೊತ್ತಿಸುವುದು, ಆರ್ಕಿಮಿಡೀಸನ ತಿರುಪು, ನೀರೆತ್ತುವ ಪಂಪು ಮೊದಲಾದವನ್ನು ಸುಲ್ತಾನನೆದುರು ಪ್ರದರ್ಶಿಸಿದನು. ಸುಲ್ತಾನನು ಬೆರಗಾಗಿ ಕುಳಿತಿರಲಿಲ್ಲ; ತಾನೇ ಮಾಡಿಸಿದ್ದ ಯಂತ್ರವೊಂದನ್ನು ತರಿಸಿ ತೋರಿಸಿದಾಗ ಅದರ ನೀರು ಮದರಾಸಿನ ಯಂತ್ರದ ನೀರಿಗಿಂತ ಎತ್ತರಕ್ಕೆ ಚಿಮ್ಮಿತೆಂದು ಸ್ಮಿತ್ತನೇ ಬರೆದಿಟ್ಟಿದ್ದಾನೆ. ತನ್ನ ಕಡೆಯ ಇಬ್ಬರಿಗೆ ಈ ಪ್ರಯೋಗಗಳನ್ನು ಕಲಿಸಿಕೊಡಬೇಕೆಂದು ಸುಲ್ತಾನನು ಕೇಳಿಕೊಂಡದ್ದೂ ಉಂಟು. ದೇವನಹಳ್ಳಿಯಿಂದ ಹೊಸಕೋಟೆಗೆ ಹೋಗುವ ದಾರಿಯಲ್ಲಿರುವ ಸೂಲಿಬೆಲೆಯವರಿಗೆ ಇದು ನೆರೆಯೂರಿನ ಸಮಾಚಾರವೇ ಸರಿ.

ಬೆಲ್ಲನು ಕುದುರೆಯ ಮೇಲಿನಿಂದ ಕ್ಷಣಮಾತ್ರ ಕಂಡುದನ್ನು ಒಳಹೊಕ್ಕು ನೋಡಿ ಬರೆದವನು ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್. 1823ರ ಆಗಸ್ಟ್ ತಿಂಗಳ ಅವನ ವರದಿಯು ಕನ್ನಡನಾಡಿನ ಶಿಕ್ಷಣಚರಿತ್ರೆಗೆ ಅಮೂಲ್ಯವಾದ ಆಕರ. 9,27,857 ಜನರಿದ್ದ ಆ ಜಿಲ್ಲೆಯಲ್ಲಿ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರು. ಅವರಲ್ಲಿ ಹುಡುಗಿಯರು 60 ಮಾತ್ರ. 235 ಶಾಲೆಗಳಲ್ಲಿ ಕನ್ನಡವೂ 226ರಲ್ಲಿ ತೆಲುಗೂ ನಡೆಯುತ್ತಿದ್ದವು. ಐದನೆಯ ವರ್ಷದಲ್ಲಿ ಗಣಪತಿಪೂಜೆಯಾಗಿ ಅಕ್ಷರಾಭ್ಯಾಸ ಮೊದಲಾಗುತ್ತಿತ್ತು. ಬೆಳಗಿನ ಆರು ಗಂಟೆಗೆ ಶಾಲೆ ಕೂಡಿದಾಗ ಎಲ್ಲರಿಗಿಂತ ಮುಂಚೆ ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು. ಎರಡನೆಯವನ ಅಂಗೈಯಲ್ಲಿ ಸೊನ್ನೆ, ಎಂದರೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದೇಟು, ನಾಲ್ಕನೆಯವನಿಗೆ ಎರಡು, ಹಿಂದೆ ಬಂದವರಿಗೆ ಬಂದ ಸರದಿಯಂತೆ ಒಂದೊಂದು ಹೆಚ್ಚು. ತಡವಾಗಿ ಎದ್ದ ಹುಡುಗನು ದಾರಿಯುದ್ದಕ್ಕೂ ಮುಂದಿನವರ ತಲೆಗಳನ್ನೆಣಿಸುತ್ತ ಓಡಿರಬೇಕು. ಚಿಕ್ಕವರನ್ನು ದೊಡ್ಡ ಹುಡುಗರು ತಿದ್ದಿದರೆ, ದೊಡ್ಡವರನ್ನು ಅಯ್ಯನವರು ನೋಡಿಕೊಳ್ಳುತ್ತಿದ್ದರು. ಮರಳಿನಿಂದ ಮುಂದಕ್ಕೆ ಕಪ್ಪುಬಟ್ಟೆಯ ಕಡತಕ್ಕೂ ಓಲೆಗರಿಗೂ ಏರಿದವರ ಓದಿನಲ್ಲಿ ರಾಮಾಯಣ, ಭಾರತಗಳಲ್ಲದೆ ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಅನುಭವಾಮೃತಗಳೂ ಇದ್ದವು.

ದೊಡ್ಡವರು ಚಿಕ್ಕವರಿಗೆ ಕಲಿಸುವ ಈ ಮಿತವ್ಯಯದ ಕ್ರಮವನ್ನು ಇಂಗ್ಲೆಂಡು ಅನುಕರಿಸಿದ್ದು ಯುಕ್ತವೇ ಎಂದು ಕ್ಯಾಂಬೆಲ್ಲನು ಒಪ್ಪಿದನು. ಆದರೆ ಅರ್ಥವರಿಯದೆ ಪದ್ಯವನ್ನು ಬಾಯಿಪಾಠ ಮಾಡುವುದನ್ನು ಅವನು ಆಕ್ಷೇಪಿಸಿದನು. ಆ ಆಕ್ಷೇಪಣೆಯನ್ನು ಸ್ವದೇಶಾಭಿಮಾನದ ಭರದಲ್ಲಿ ನಾವು ತಳ್ಳಿಹಾಕಲಾಗದು. ಶಾಲೆಗಳ ಕ್ಷೀಣತೆಗೆ ಅವನು ಕೊಟ್ಟ ಕಾರಣ ಇನ್ನೂ ಗಂಭೀರವಾದುದು: ಯೂರೋಪಿನ ಬಟ್ಟೆ ಬಂದು ನೇಕಾರಿಕೆ ಕುಗ್ಗಿತು, ಜನ ಬಡವಾದರು, ಹಿಂದಿನ ದೊರೆಗಳು ವಿದ್ಯೆಗೆ ಕೊಡುತ್ತಿದ್ದ ಮಾನ್ಯಗಳು ನಿಂತವು.

ಕ್ಯಾಂಬೆಲ್ಲನ ವರದಿಗೆ ಕಾರಣವಾದ ಸಮೀಕ್ಷೆಯನ್ನು 1822ರಲ್ಲಿ ನಡೆಸಹೇಳಿದ ಮದರಾಸಿನ ಗವರ್ನರ್ ಥಾಮಸ್ ಮನ್ರೋ ಗ್ಲಾಸ್ಗೋ ನಗರದ ಗ್ರಾಮರ್ ಶಾಲೆಯಲ್ಲಿ ಓದಿದವನು. ಕನ್ನಡ ಜಿಲ್ಲೆಗಳಲ್ಲಿ ಕಲೆಕ್ಟರನಾಗಿ ರೈತರ ಸ್ಥಿತಿಯನ್ನು ಬಲ್ಲವನು. 1826ರಲ್ಲಿ ತಹಸೀಲ್ದಾರಿಗೊಂದು ಶಾಲೆಯಾಗಬೇಕು, ಅದರ ಉಪಾಧ್ಯಾಯನಿಗೆ ತಿಂಗಳಿಗೆ ಒಂಬತ್ತು ರೂಪಾಯಿ ಸಲ್ಲಬೇಕು ಎಂಬ ಯೋಜನೆಯನ್ನು ಅವನು ಮುಂದಿಟ್ಟನು. ಮರುವರ್ಷವೇ ಅವನು ಗತಿಸಿದನು. ಯೋಜನೆಯೂ ಸೊರಗಿ ಹತ್ತು ವರ್ಷಗಳಲ್ಲಿ ನಿಂತುಹೋಯಿತು.

ಸ್ಕಾಟ್ಲೆಂಡಿನಲ್ಲಿ ಹೀಗಾಗಲಿಲ್ಲ. ಪ್ಯಾರಿಷ್ ಎಂಬ ಇಗರ್ಜಿಯ ಎಲ್ಲೆಯೊಳಗಿನ ಭೂಮಾಲಿಕರು ಶಾಲೆಯ ಮನೆಯನ್ನೂ ಉಪಾಧ್ಯಾಯನ ವೇತನವನ್ನೂ ಒದಗಿಸತಕ್ಕದ್ದೆಂದು 1696ರಲ್ಲಿಯೇ ಅಲ್ಲಿಯ ಪಾರ್ಲಿಮೆಂಟು ಶಾಸನ ಮಾಡಿತ್ತು. ಅಂತಹ ನೆಲದಲ್ಲಿ ಬೆಲ್ಲನ ಧನ ಬಿದ್ದಿತು. 1832ರಲ್ಲಿ ತೀರಿಕೊಂಡ ಅವನು ಶಾಲೆಗಳಿಗಾಗಿ ಬಿಟ್ಟ ಆಸ್ತಿ ಸುಮಾರು 1,20,000 ಪೌಂಡು. ಅದರ ಒಂದು ಪಾಲಿನಿಂದ, ಮುರಿದುಬಿದ್ದಿದ್ದ ಬ್ಲ್ಯಾಕ್‌ಫ್ರಯರ್ಸ್ ಮಠದ ಅವಶೇಷವನ್ನು ಮುಂದಿಟ್ಟುಕೊಂಡು, ಶಿಲ್ಪಿ ವಿಲಿಯಂ ಬರ್ನನ ನಕ್ಷೆಯಂತೆ ಮದ್ರಾಸ್ ಕಾಲೇಜಿನ ಕಟ್ಟಡವೆದ್ದಿತು. ಊರಿನ ಹಳೆಯ ಶಾಲೆಗಳೂ ಅದರಲ್ಲಿ ಸೇರಿದವು. ಬಾಲಕರಿಂದ ಬಾಲಕರಿಗೆ ಕಲಿಸುವ ಕ್ರಮವು ಕಾಲಾಂತರದಲ್ಲಿ ಬಿದ್ದುಹೋದರೂ ಶಾಲೆ ಬೀಳಲಿಲ್ಲ. ಸೇಂಟ್ ಆಂಡ್ರೂಸಿನ ಮಕ್ಕಳೊಡನೆ ಟೇಪೋರ್ಟ್, ನ್ಯೂಪೋರ್ಟ್, ಲೂಕರ್ಸ್ ಮೊದಲಾದ ನೆರೆಯೂರುಗಳ ಮಕ್ಕಳೂ ಬರುವ ಆ ಶಾಲೆ 2021ರಲ್ಲಿ ಊರಂಚಿನ ಹೊಸ ಕಟ್ಟಡಕ್ಕೆ ಸಾಗಿದೆ.

ಮೈಸೂರು ಸೀಮೆಯಲ್ಲಿ ನೆಲದ ಎಲ್ಲೆಗೂ ಶಾಲೆಗೂ ನಂಟು ಹಾಕಿದವನು, ಬೆಂಗಳೂರಿನಲ್ಲಿಯೇ ಹುಟ್ಟಿದ ಬೆಂಜಮಿನ್ ಲೂಯಿಸ್ ರೈಸ್. ಹೋಬಳಿಗೊಂದು ಶಾಲೆಯಿರಬೇಕೆಂಬ ಅವನ ಯೋಜನೆ 1868ರದು. ಹೊಸಕೋಟೆ ತಾಲ್ಲೂಕಿನ ಶಾಸನಗಳನ್ನೊಳಗೊಂಡ ಬೆಂಗಳೂರು ಜಿಲ್ಲೆಯ ಸಂಪುಟವನ್ನು 1905ರಲ್ಲಿ ಹೊರತಂದವನೂ ಇವನೇ ಆದುದರಿಂದ ವಿದ್ವಾಂಸರು ಅವನನ್ನು ಶಾಸನಗಳಿಗಾಗಿ ನೆನೆಯುತ್ತಾರೆ. ಹೋಬಳಿಶಾಲೆಗಾಗಿ ನೆನೆಯುವವರು ವಿರಳ. ಕಂದಾಯಕ್ಕಾಗಿ ಗುರುತಿಸಿದ್ದ ಎಲ್ಲೆಯೇ ಅಕ್ಷರಕ್ಕೂ ಎಲ್ಲೆಯಾದಾಗ, ಕಸಬೆ, ನಂದಗುಡಿ, ಜಡಿಗೇನಹಳ್ಳಿ, ಅನುಗೊಂಡನಹಳ್ಳಿಗಳಂತೆ ಇಂದು ಹೊಸಕೋಟೆ ತಾಲ್ಲೂಕಿನ ಹೋಬಳಿಯಾಗಿರುವ ಸೂಲಿಬೆಲೆಯಂತಹ ಊರುಗಳಲ್ಲಿ ಓದು ಅಯ್ಯನವರ ಜಗುಲಿಯಿಂದ ಸರ್ಕಾರದ ಲೆಕ್ಕದ ಪುಸ್ತಕಕ್ಕೆ ಬರುವ ಮಾರ್ಗ ತೆರೆಯಿತು.