ಗಡಿ ದಾಟಿದ ಮಗಳು, ಗಡಿ ದಾಟುವ ಕಾನೂನು



1953 ಮತ್ತು 1956ರಲ್ಲಿ ನಮ್ಮ ಕಡೆಯ ರಾಜ್ಯಗಳ ಗಡಿಗಳು ಹೊಸದಾಗಿ ಬಿದ್ದವು. ನೆಂಟಸ್ತಿಕೆಗೆ ಮಾತ್ರ ಆ ಗೆರೆ ಅಡ್ಡ ಬರಲಿಲ್ಲ. ಕಾಸರಗೋಡಿನ ಹೆಣ್ಣು ಪುತ್ತೂರಿಗೆ, ತಾಳವಾಡಿಯ ಹೆಣ್ಣು ಚಾಮರಾಜನಗರಕ್ಕೆ, ಅಕ್ಕಲಕೋಟೆಯ ಹೆಣ್ಣು ಆಳಂದಕ್ಕೆ, ಆದವಾನಿಯ ಹೆಣ್ಣು ಬಳ್ಳಾರಿಗೆ ಸೊಸೆಯಾಗಿ ಹೋಗುವುದು ಇಂದಿಗೂ ಉಂಟು. ಆ ಮಗಳು ಪೆಟ್ಟು ತಿಂದು ತವರಿಗೆ ಬಂದರೆ ದೂರು ಕೊಡಬೇಕಾದದ್ದು ಎಲ್ಲಿ? ಇದಕ್ಕೆ ಸರಿಯಾದ ಉತ್ತರ ಸಿಗಲು ದಶಕಗಳೇ ಬೇಕಾದವು.

1961ರಲ್ಲಿ ವರದಕ್ಷಿಣೆ ನಿಷೇಧ ಕಾಯಿದೆ ಬಂತು. ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧವಾಯಿತು. ಆದರೆ ಮನೆಯೊಳಗಿನ ಹಿಂಸೆಗೆ ಕಾನೂನಿನಲ್ಲಿ ಪ್ರತ್ಯೇಕ ಹೆಸರಿರಲಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ದೆಹಲಿಯಲ್ಲಿ ಸೊಸೆಯಂದಿರು ಬೆಂಕಿಗೆ ಬಲಿಯಾದಾಗ ಮಹಿಳಾ ಸಂಘಟನೆಗಳು ಬೀದಿಗಿಳಿದವು. ಅದರ ಫಲವಾಗಿ 1983ರಲ್ಲಿ ದಂಡ ಸಂಹಿತೆಗೆ 498ಎ ಕಲಮು ಸೇರಿತು. 1986ರಲ್ಲಿ ವರದಕ್ಷಿಣೆ ಸಾವಿನ 304ಬಿ ಕಲಮು ಬಂತು. 2024ರ ಜುಲೈ 1ರಿಂದ ಇವು ಭಾರತೀಯ ನ್ಯಾಯ ಸಂಹಿತೆಯಲ್ಲಿ 85, 86 ಮತ್ತು 80ನೆಯ ಕಲಮುಗಳಾಗಿವೆ.

ನಮ್ಮ ನೆರೆಹೊರೆಯ ರಾಜ್ಯಗಳೂ ಸುಮ್ಮನೆ ಕೂತಿರಲಿಲ್ಲ. ಕೇರಳದ ಕೋಝಿಕ್ಕೋಡಿನಲ್ಲಿ 1973ರಲ್ಲೇ ಮಹಿಳಾ ಪೊಲೀಸ್ ಠಾಣೆ ತೆರೆಯಿತು, ತಮಿಳುನಾಡಿನಲ್ಲಿ 1992ರಲ್ಲಿ. ಮುಂಬಯಿಯಲ್ಲಿ 1984ರಲ್ಲಿ ಪೊಲೀಸ್ ಕಚೇರಿಯೊಳಗೇ ಸಮಾಜ ಕಾರ್ಯಕರ್ತೆಯರ ವಿಶೇಷ ಘಟಕ ಆರಂಭವಾಯಿತು. ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟ ಗ್ರಾಮದ ಹೆಂಗಸರು ಸಾಕ್ಷರತಾ ತರಗತಿಯಲ್ಲಿ ಅಕ್ಷರ ಕಲಿಯುತ್ತಲೇ ಸಾರಾಯಿ ಅಂಗಡಿ ಮುಚ್ಚಿಸಿದರು. ಕುಡಿದು ಬಂದ ಗಂಡನ ಕೈಯೇ ಮೊದಲು ಏಳುವುದೆಂದು ಅವರಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ. ಆ ಚಳವಳಿ ಹಬ್ಬಿ 1993ರಲ್ಲಿ ಆ ರಾಜ್ಯದಲ್ಲಿ ಸಾರಾಯಿಯೇ ನಿಷೇಧವಾಯಿತು.

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಹೆಂಡತಿಯ ಒಡವೆ ತಂದು ಅಡವಿಡುವ ಗಂಡಂದಿರನ್ನು ಬೇಕಾದಷ್ಟು ಕಂಡವನು ನಾನು. ಆ ಒಡವೆ ಯಾರದು? 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿತು: ಸ್ತ್ರೀಧನ ಹೆಂಡತಿಯದೇ; ಹಿಂದಿರುಗಿಸದೆ ನುಂಗಿದರೆ ನಂಬಿಕೆದ್ರೋಹದ ಅಪರಾಧ.

ಆದರೂ ಗಂಡನನ್ನು ಜೈಲಿಗೆ ಕಳಿಸುವುದಷ್ಟೇ ಹೆಣ್ಣಿಗೆ ಪರಿಹಾರವಲ್ಲ. ತಲೆಯ ಮೇಲೆ ಸೂರು, ಮಕ್ಕಳಿಗೆ ಅನ್ನ, ಮತ್ತೆ ಹೊಡೆಯದಂತೆ ತಡೆ ಬೇಕು. ಅದನ್ನು ಕೊಟ್ಟದ್ದು 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯಿದೆ. 2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಇದರಲ್ಲಿ ಬೈಗುಳ, ಹಣ ತಡೆಹಿಡಿಯುವುದು, ಒಡವೆ ಕಸಿಯುವುದು ಎಲ್ಲವೂ ಹಿಂಸೆಯೇ. ಮನೆ ಗಂಡನ ಹೆಸರಿನಲ್ಲಿದ್ದರೂ ಅವಳನ್ನು ಹೊರಗೆ ತಳ್ಳುವಂತಿಲ್ಲ. ಸಂರಕ್ಷಣಾಧಿಕಾರಿ ಅರ್ಜಿ ಬರೆಯಲು ನೆರವಾಗುತ್ತಾರೆ. ಮ್ಯಾಜಿಸ್ಟ್ರೇಟರ ಸಂರಕ್ಷಣಾ ಆದೇಶ ಮೀರಿದರೆ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿಯವರೆಗೆ ದಂಡ, ಅಥವಾ ಎರಡೂ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಈ ಕಾಯಿದೆಯ 27ನೆಯ ಕಲಮಿನಂತೆ, ಅವಳು ತಾತ್ಕಾಲಿಕವಾಗಿ ಇರುವ ಊರಿನ ನ್ಯಾಯಾಲಯದಲ್ಲೇ ಅರ್ಜಿ ಹಾಕಬಹುದು. ಆದೇಶ ಇಡೀ ದೇಶಕ್ಕೆ ಅನ್ವಯ. 498ಎ ದೂರನ್ನೂ ಆಶ್ರಯ ಪಡೆದ ಊರಿನಲ್ಲಿ ಕೊಡಬಹುದೆಂದು 2019ರಲ್ಲಿ ರೂಪಾಲಿ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಅಂದರೆ ಬಳ್ಳಾರಿಯಲ್ಲಿ ಪೆಟ್ಟು ತಿಂದವಳು ಆದವಾನಿಯಲ್ಲಿ ನ್ಯಾಯ ಕೇಳಬಹುದು. ವಕೀಲರ ಖರ್ಚಿನ ಚಿಂತೆಯೂ ಬೇಡ. ಹೆಣ್ಣಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವು ಉಂಟು.

ಇನ್ನು ನಮ್ಮ ನಿಮ್ಮ ಪಾಲಿನ ಕೆಲಸ. "ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಎಂಬ ಗಾದೆ ಜಗಳಕ್ಕೆ ಹೇಳಿದ್ದು, ಹೊಡೆತಕ್ಕಲ್ಲ. ಪಕ್ಕದ ಮನೆಯಿಂದ ಅಳು ಕೇಳಿದರೆ ನೆರೆಯವರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದುದ್ದೇಶದಿಂದ ತಿಳಿಸಿದವರ ಮೇಲೆ ಯಾವ ಮೊಕದ್ದಮೆಯೂ ನಿಲ್ಲದು. ಮಹಿಳಾ ಸಹಾಯವಾಣಿ 181, ತುರ್ತಿಗೆ 112, ಕಾನೂನು ನೆರವಿಗೆ 15100. ಈ ಮೂರು ಸಂಖ್ಯೆಗಳನ್ನು ಅಡುಗೆಮನೆಯ ಗೋಡೆಯ ಮೇಲೆ ಬರೆದಿಡಿ. ಮದುವೆಯಾಗಿ ಹೋಗುವ ಮಗಳಿಗೆ ಬಾಯಿಪಾಠ ಮಾಡಿಸಿ. ತವರಿನ ಬಾಗಿಲು ತೆರೆದೇ ಇದೆಯೆಂದೂ ಅವಳಿಗೆ ಹೇಳಿ ಕಳಿಸಿ.